ಮನೆಗೇ ಹೋಗಿ ಆರೈಕೆ ಮಾಡೋ ಟ್ರಸ್ಟ್‌ಗಳು: "ಒಂದು ವಿಸಿಟ್‌ಗೆ ಎಷ್ಟು" ಅನ್ನೋ ಲೆಕ್ಕ ಸಾಕಾ?

ಸರಸ್ವತಿಪುರಂ_ಲೆಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಒಂದು ಸಣ್ಣ ಟ್ರಸ್ಟಲ್ಲಿ ಅಕೌಂಟ್ಸ್ ನೋಡ್ಕೋತೀನಿ. ಹಾಸಿಗೆ ಹಿಡಿದಿರೋ ವಯಸ್ಸಾದವರು, ಸ್ಟ್ರೋಕ್ ಆದವರು, ಕ್ಯಾನ್ಸರ್ ಕೊನೇ ಹಂತದಲ್ಲಿರೋರು, ಇಂಥವರ ಮನೆಗೆ ನಮ್ಮ ಸಿಸ್ಟರ್‌ಗಳು ಹೋಗಿ ಡ್ರೆಸ್ಸಿಂಗ್ ಮಾಡಿ, ಕ್ಯಾತಿಟರ್ (ಮೂತ್ರದ ಕೊಳವೆ) ಬದಲಾಯಿಸಿ, ಮನೆಯವರಿಗೆ ಹೇಳಿಕೊಟ್ಟು ಬರ್ತಾರೆ. ದುಡ್ಡು ತಗೊಳಲ್ಲ. ಊರೊಳಗೆ ಒಂದು ಟೀಮು, ಮಳವಳ್ಳಿ ಕಡೆ ಹಳ್ಳಿಗಳಿಗೆ ಇನ್ನೊಂದು ಟೀಮು.

ವರ್ಷದ ಕೊನೇಲಿ ದಾನಿಗಳು ಕೇಳೋದು ಒಂದೇ ಪ್ರಶ್ನೆ, ಒಂದು ವಿಸಿಟ್‌ಗೆ ಎಷ್ಟು ಬೀಳತ್ತೆ ಅಂತ. ಈ ಪ್ರಶ್ನೆಯಿಂದ ಏನಾಗತ್ತೆ ಅಂತ ಉದಾಹರಣೆಗೆ ಒಂದು ಲೆಕ್ಕ ಹಾಕ್ತೀನಿ, ಇವು ನಮ್ಮ ಟ್ರಸ್ಟಿನ ಅಂಕಿಗಳಲ್ಲ. ಒಂದು ಟೀಮಿಗೆ ಸಂಬಳ, ಗಾಡಿ, ಸಾಮಾನು ಎಲ್ಲಾ ಸೇರಿ ತಿಂಗಳಿಗೆ 1,20,000 ಅಂತ ಇಟ್ಕೊಳಿ. ಮೈಸೂರೊಳಗೆ ದಿನಕ್ಕೆ 8 ಮನೆ ಮುಗಿಸಬಹುದು, 25 ದಿನಕ್ಕೆ 200 ವಿಸಿಟು, ಒಂದಕ್ಕೆ 600 ರೂಪಾಯಿ. ಮಳವಳ್ಳಿ ಕಡೆ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗೋದ್ರಲ್ಲೇ ಅರ್ಧ ದಿನ ಹೋಗತ್ತೆ, ದಿನಕ್ಕೆ 5 ಮನೆ ಆದ್ರೆ ಹೆಚ್ಚು, ಅಲ್ಲಿಗೆ 125 ವಿಸಿಟು, ಒಂದಕ್ಕೆ 960. ಈಗ ಈ ಎರಡು ಅಂಕಿ ಒಂದೇ ಹಾಳೇಲಿ ಅಕ್ಕಪಕ್ಕ ಇಟ್ರೆ ನೋಡಿದವರು ಏನಂತಾರೆ? ಹಳ್ಳಿ ಟೀಮು ದುಬಾರಿ, ಸಿಟಿಗೇ ಹಾಕಿ ಅಂತಾರೆ. ಆದ್ರೆ ಬೇರೆ ಯಾವ ಆಸ್ಪತ್ರೆಯೂ ಹತ್ರ ಇಲ್ಲದೇ ಇರೋದು ಆ ಹಳ್ಳಿ ಜನಕ್ಕೇ ಅಲ್ವಾ.

ಇನ್ನೂ ಒಂದು ತೊಂದರೆ ಇದೆ. ವಿಸಿಟ್ ಲೆಕ್ಕಾನೇ ಗುರಿ ಆಗ್ಬಿಟ್ರೆ ಟೀಮಿನವರು ಗೊತ್ತಿಲ್ದಂಗೆ ಸುಲಭದ ಮನೆಗಳಿಗೇ ಜಾಸ್ತಿ ಹೋಗ್ತಾರೆ. ಬಿಪಿ ನೋಡಿ, ಶುಗರ್ ನೋಡಿ, ಹತ್ತು ನಿಮಿಷಕ್ಕೆ ಎದ್ದು ಬರೋದೂ ಒಂದು ವಿಸಿಟು, ಸೊಂಟದ ಹಿಂದೆ ಮೂಳೆ ಕಾಣೋ ಹಾಗೆ ಹುಣ್ಣಾಗಿರೋರಿಗೆ ಒಂದು ಗಂಟೆ ಕೂತು ಡ್ರೆಸ್ಸಿಂಗ್ ಮಾಡೋದೂ ಒಂದು ವಿಸಿಟು.

ನನ್ನ ಅಭಿಪ್ರಾಯ ಏನಂದ್ರೆ, ಒಬ್ಬ ರೋಗೀನ ಒಂದು ತಿಂಗಳು ಮನೇಲಿ ಚೆನ್ನಾಗಿ ನೋಡ್ಕೊಳ್ಳೋಕೆ ಎಷ್ಟಾಗತ್ತೆ ಅಂತ ಕೇಳ್ಬೇಕು, ಅದನ್ನೂ ರೋಗಿಯ ಸ್ಥಿತಿ ಪ್ರಕಾರ ಬೇರೆ ಬೇರೆ ಗುಂಪು ಮಾಡಿ ಕೇಳ್ಬೇಕು. "ಚೆನ್ನಾಗಿ" ಅನ್ನೋದನ್ನ ಅಳೆಯೋದು ಹೇಗೆ ಅನ್ನೋದಕ್ಕೆ ನಿಮ್ಮ ಸಲಹೆ ಬೇಕು. 1966ರಲ್ಲಿ ಡೊನಬೇಡಿಯನ್ ಅನ್ನೋ ವೈದ್ಯರು ಗುಣಮಟ್ಟಾನ ಮೂರು ಕಡೆಯಿಂದ ನೋಡಿ ಅಂತ ಬರೆದ್ರು, ಏನೇನು ಸೌಲಭ್ಯ ಇದೆ, ಕೆಲಸ ಹೇಗೆ ಮಾಡ್ತಾರೆ, ಕೊನೆಗೆ ರೋಗಿಗೆ ಏನಾಯ್ತು ಅಂತ. ನಮ್ಮ ವರದಿಗಳಲ್ಲಿ ಮೊದಲನೇದು ಮಾತ್ರ ಇರತ್ತೆ, ಇಷ್ಟು ಸಿಸ್ಟರ್, ಇಷ್ಟು ಗಾಡಿ, ಇಷ್ಟು ಏರ್ ಬೆಡ್ ಅಂತ.

ಮಳವಳ್ಳಿ_ಸಿಸ್ಟರ್:
ಸಾರ್ ಸರಿಯಾಗಿ ಹೇಳಿದ್ರಿ. ನಾನು ಬೇರೆ ಸಂಸ್ಥೇಲಿ ಇದೇ ಕೆಲಸ ಮಾಡ್ತಿವ್ನಿ. ನಮ್ಗೂ ದಿನದ ಟಾರ್ಗೆಟ್ ಕೊಡ್ತಾರೆ. ಮೊನ್ನೆ ಒಂದು ಮನೆಗೆ ಹೋಗಿದ್ದೆ, ಅಜ್ಜಿಗೆ ಲಕ್ವ ಹೊಡ್ದು ಎಡಗಡೆ ಪೂರ್ತಿ ಬಿದ್ದೋಗದೆ, ನೋಡ್ಕೊಳೋದು ಸೊಸೆ ಒಬ್ಳೇ, ಗಂಡ ಗದ್ದೆಗೆ ಹೋಯ್ತಾನೆ. ಅವತ್ತು ಡ್ರೆಸ್ಸಿಂಗ್ ಇಲ್ಲ, ಇಂಜೆಕ್ಷನ್ ಇಲ್ಲ, ಏನೂ ಇಲ್ಲ. ಅಜ್ಜೀನ ಒಬ್ಬಳೇ ಹೆಂಗೆ ಮಗ್ಗುಲಿಗೆ ತಿರುಗ್ಸೋದು ಅಂತ ಹೇಳ್ಕೊಟ್ಟೆ. ಮೊದ್ಲು ಆ ಕಡೆ ಮೊಣಕಾಲು ಮಡಿಸ್ಬೇಕು, ಆಮೇಲೆ ಒಂದು ಕೈ ಹೆಗಲ ಮೇಲೆ ಒಂದು ಕೈ ಸೊಂಟದ ಮೇಲೆ ಇಟ್ಟು ನಮ್ಮ ಕಡೆಗೆ ಎಳ್ಕೋಬೇಕು, ಬೆನ್ನಿಂದೆ ದಿಂಬು ಒತ್ತಬೇಕು, ಮಂಡಿ ಮಧ್ಯೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗ್ದಂಗೆ. ಆಯಮ್ಮ ನಾನು ನೋಡ್ತಿದ್ದಂಗೆ ತಾನೇ ಮಾಡೋವರೆಗೂ ಬುಡ್ಲಿಲ್ಲ ನಾನು. ಒಂದು ಗಂಟೆ ಮೇಲಾಯ್ತು. ಅದ್ರಿಂದ ಆ ಅಜ್ಜಿಗೆ ಹುಣ್ಣೇ ಆಗ್ದೆ ಇರಬೋದು. ಆದ್ರೆ ರಿಜಿಸ್ಟರ್‌ನಲ್ಲಿ ಏನಂತ ಬರೀಲಿ? "ಹೆಲ್ತ್ ಎಜುಕೇಶನ್ - 1" ಅಷ್ಟೇ.

ಗುಣಮಟ್ಟ ಅಳೀಬೇಕು ಅಂದ್ರೆ ಹಾಸಿಗೆ ಹುಣ್ಣು ಹಿಡ್ಕೊಳಿ ಸಾರ್. ಅದು ಸುಳ್ಳು ಹೇಳಲ್ಲ. ಕಾಗದದ ಸ್ಕೇಲ್ ಪಕ್ಕದಲ್ಲಿ ಇಟ್ಟು ಉದ್ದ ಎಷ್ಟು ಅಗಲ ಎಷ್ಟು ಬರ್ದ್ರೆ ಆಯ್ತು, ನಾಲ್ಕು ಹಂತದಲ್ಲಿ ಯಾವ ಹಂತ ಅಂತ ಬರ್ದ್ರೆ ಆಯ್ತು. ಬರೀ ಕೆಂಪಾಗಿ ಒತ್ತಿದ್ರೂ ಬಿಳೀ ಆಗ್ಲಿಲ್ಲ ಅಂದ್ರೆ ಒಂದನೇ ಹಂತ, ಆಗ್ಲೇ ಹಿಡಿದ್ರೆ ದಿಂಬಲ್ಲೇ ವಾಸಿ ಆಯ್ತದೆ, ಮೂಳೆವರೆಗೂ ಹೋದ್ರೆ ತಿಂಗಳುಗಟ್ಟಲೆ. ಮುಖ್ಯವಾಗಿ, ನಾವು ಸೇರಿಸ್ಕೊಂಡಾಗ ಹುಣ್ಣು ಇತ್ತಾ, ಇಲ್ಲ ನಾವು ನೋಡ್ಕೋತಾ ಇರುವಾಗ ಹೊಸದಾಗಿ ಆಯ್ತಾ ಅಂತ ಬೇರೆ ಬೇರೆ ಬರೀಬೇಕು. ಮೊದಲನೇದು ನಮ್ಮ ತಪ್ಪಲ್ಲ, ಎರಡನೇದಕ್ಕೆ ನಾವು ಉತ್ತರ ಹೇಳ್ಬೇಕಾಯ್ತದೆ.

ನಿವೃತ್ತ_ಬ್ಯಾಂಕು:
ಖರ್ಚಿನ ಕಡೆ ನಾನು ಸ್ವಲ್ಪ ಹೇಳ್ತೀನಿ, ಎರಡು ಸಂಸ್ಥೆಗಳ ಲೆಕ್ಕಪತ್ರ ಉಚಿತವಾಗಿ ನೋಡಿಕೊಡ್ತಾ ಇದ್ದೀನಿ. ನಮ್ಮಲ್ಲಿ ತುಂಬಾ ಟ್ರಸ್ಟುಗಳು ತೋರಿಸೋ ಖರ್ಚು ನಿಜವಾದ ಖರ್ಚೇ ಅಲ್ಲ. ಗಾಡಿ ಯಾರೋ ದಾನ ಕೊಟ್ರು, ಹಾಗಾಗಿ ಗಾಡಿ ಖರ್ಚು ಅಂದ್ರೆ ಡೀಸೆಲ್ ಮಾತ್ರ. ಆಫೀಸ್ ರೂಮು ಟ್ರಸ್ಟಿಯೊಬ್ಬರ ಮನೆ ಮೇಲೆ, ಬಾಡಿಗೆ ಸೊನ್ನೆ. ಡಾಕ್ಟ್ರು ಶನಿವಾರ ಫ್ರೀಯಾಗಿ ಬರ್ತಾರೆ. ಇದೆಲ್ಲಾ ಸಂತೋಷದ ವಿಷಯ, ಆದ್ರೆ ನಾಳೆ ಆ ಗಾಡಿ ಕೆಟ್ಟು ನಿಂತ್ರೆ, ಡಾಕ್ಟ್ರು ಊರು ಬಿಟ್ರೆ, ಅದೇ ಕೆಲಸ ಅದೇ ದುಡ್ಡಲ್ಲಿ ನಡೆಯಲ್ಲ. ಇನ್ನೊಂದು ತಾಲೂಕಲ್ಲಿ ಇದೇ ಕೆಲಸ ಶುರು ಮಾಡೋರಿಗೆ ನಿಮ್ಮ 600 ರೂಪಾಯಿ ನಂಬಿಕೊಂಡು ಹೋದ್ರೆ ಆರು ತಿಂಗಳಿಗೆ ಬಾಗಿಲು ಹಾಕ್ಬೇಕಾಗತ್ತೆ. ಅದಕ್ಕೇ ಎರಡು ಕಾಲಂ ಇಡಿ ಅಂತ ಹೇಳ್ತೀನಿ. ಒಂದು ಕೈಯಿಂದ ಹೋದ ದುಡ್ಡು, ಇನ್ನೊಂದು ದಾನವಾಗಿ ಬಂದಿದ್ದಕ್ಕೆ ಮಾರ್ಕೆಟ್ ಬೆಲೆ ಕಟ್ಟಿದ್ರೆ ಆಗೋ ಮೊತ್ತ, ಗಾಡಿಯ ಸವಕಳಿ ಸೇರಿಸಿ.

ಅಡ್ಮಿನ್ ಖರ್ಚಿನ ವಿಷಯ ಇನ್ನೂ ಸೂಕ್ಷ್ಮ. ವಿದೇಶಿ ದೇಣಿಗೆ ತಗೊಳೋರಿಗೆ ಆ ಕಾಯ್ದೆಯ 2020ರ ತಿದ್ದುಪಡಿ ಆದ್ಮೇಲೆ ಆ ದೇಣಿಗೇಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿ 50%ರಿಂದ 20%ಕ್ಕೆ ಇಳೀತು. ಮನೆ ಆರೈಕೇಲಿ ಸಿಸ್ಟರ್‌ಗಳ ಕೆಲಸ ಹೋಗಿ ನೋಡಿ ತಿದ್ದೋ ಒಬ್ಬ ಸೀನಿಯರ್ ಬೇಕೇ ಬೇಕು, ಆಸ್ಪತ್ರೆ ವಾರ್ಡಲ್ಲಿ ಆದ್ರೆ ಎಲ್ಲಾ ಕಣ್ಮುಂದೆ ಇರತ್ತೆ, ಇಲ್ಲಿ ನಾಲ್ಕು ಗೋಡೆ ಒಳಗೆ ಏನಾಗ್ತಿದೆ ಅಂತ ಯಾರಿಗೂ ಕಾಣಲ್ಲ. ಅಡ್ಮಿನ್ ಕಮ್ಮಿ ತೋರಿಸ್ಬೇಕು ಅಂತ ಮೊದಲು ತೆಗೆಯೋದು ಆ ಸೀನಿಯರ್ ಹುದ್ದೇನೇ. ಖರ್ಚು ಕಮ್ಮಿ ಆದಹಾಗೆ ಕಾಣತ್ತೆ, ಗುಣಮಟ್ಟ ಹೋಗಿರತ್ತೆ.

ಹೆಬ್ಬಾಳ_ಸಿಎಸ್‌ಆರ್:
ನಾನು ದುಡ್ಡು ಕೊಡೋ ಕಡೆಯವನು, ನಮ್ಮ ಕಷ್ಟಾನೂ ಕೇಳಿ. ನನ್ನ ಟೇಬಲ್ ಮೇಲೆ ಹತ್ತಾರು ಅರ್ಜಿ ಇರತ್ತೆ, ಎಲ್ಲರೂ "ನಾವು ಪ್ರೀತಿಯಿಂದ ಆರೈಕೆ ಮಾಡ್ತೀವಿ" ಅಂತಲೇ ಬರೀತಾರೆ. ಬೋರ್ಡ್ ಮುಂದೆ ಹೋಗಿ ಯಾವುದನ್ನ ಆರಿಸಿದೆ, ಯಾಕೆ ಆರಿಸಿದೆ ಅಂತ ಹೇಳೋಕೆ ನನಗೆ ಒಂದು ಅಂಕಿ ಬೇಕು. 2021ರ ನಿಯಮದ ಪ್ರಕಾರ ಮೂರು ವರ್ಷದ ಸರಾಸರಿ ಸಿಎಸ್‌ಆರ್ ಬಾಧ್ಯತೆ (ಕಾನೂನು ಪ್ರಕಾರ ಕಂಪನಿ ಸಮಾಜದ ಕೆಲಸಕ್ಕೆ ಖರ್ಚು ಮಾಡ್ಬೇಕಾದ ಹಣ) 10 ಕೋಟಿ ಮುಟ್ಟಿರೋ ಕಂಪನಿಗಳು 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಪ್ರಾಜೆಕ್ಟ್‌ಗಳಿಗೆ ಹೊರಗಿನವರಿಂದ ಪರಿಣಾಮದ ಮೌಲ್ಯಮಾಪನ ಮಾಡಿಸಲೇಬೇಕು. ಸಣ್ಣ ಟ್ರಸ್ಟುಗಳು ಆ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಅಲ್ಲಿ ಯಾರೂ ನೋಡೋದೇ ಇಲ್ಲ. ವಿಸಿಟ್ ಲೆಕ್ಕ ಬೇಡ ಅಂದ್ರೆ ಸರಿ, ಅದರ ಬದಲು ಏನು ಕೊಡ್ತೀರಿ ಹೇಳಿ.

ನೆದರ್‌ಲ್ಯಾಂಡ್ಸಿನ ಬ್ಯೂರ್ಟ್‌ಜೋರ್ಗ್ ಬಗ್ಗೆ ಓದಿದ್ದೀನಿ. ಲಾಭಕ್ಕಲ್ಲದ ಸಂಸ್ಥೆ, 2006ರಲ್ಲಿ ಯೋಸ್ ದ ಬ್ಲಾಕ್ ಅನ್ನೋ ನರ್ಸ್ ಶುರು ಮಾಡಿದ್ದು, 12 ಜನದವರೆಗಿನ ನರ್ಸ್ ತಂಡ, ಮೇಲೆ ಮ್ಯಾನೇಜರ್ ಇಲ್ಲ, ಅವರೇ ಎಲ್ಲಾ ನಿರ್ಧಾರ ತಗೋತಾರೆ. ಕಲಿತ ನರ್ಸ್‌ಗಳು ಆದ್ದರಿಂದ ಗಂಟೆ ಲೆಕ್ಕದಲ್ಲಿ ದುಬಾರಿ, ಆದ್ರೆ ರೋಗೀನ ಬೇಗ ಸ್ವಂತ ಕಾಲ ಮೇಲೆ ನಿಲ್ಲಿಸ್ತಾರೆ, ಹಾಗಾಗಿ ಬೇಕಾಗೋ ಗಂಟೆಗಳು ಬೇರೆಯವರಿಗಿಂತ ತುಂಬಾ ಕಮ್ಮಿ. ನೀವು ಹೇಳೋ ಮಾತಿಗೆ ಇದು ಸರಿಹೋಗತ್ತೆ ಅಲ್ವಾ?

ಸರಸ್ವತಿಪುರಂ_ಲೆಕ್ಕ:
ಸರಿಹೋಗತ್ತೆ ಸಾರ್, ಗಂಟೆಗೆ ಎಷ್ಟು ಅಂತ ಮಾತ್ರ ನೋಡಿದ್ದಿದ್ರೆ ಅವರನ್ನ ಯಾರೂ ಒಪ್ತಾನೇ ಇರಲಿಲ್ಲ. ಆದ್ರೆ ಅದೇ ಕಥೇಲಿ ಮುಂದಿನ ಭಾಗಾನೂ ಇದೆ. 2015ರಲ್ಲಿ ಕೆಪಿಎಂಜಿ ಅನ್ನೋ ಸಲಹಾ ಸಂಸ್ಥೆಯವರು ಆ ರೋಗಿಗಳ ಆಸ್ಪತ್ರೆ, ನರ್ಸಿಂಗ್ ಹೋಂ ಖರ್ಚನ್ನೂ ಸೇರಿಸಿ ನೋಡಿದಾಗ ಒಟ್ಟು ಖರ್ಚು ಆ ದೇಶದ ಸರಾಸರಿ ಹತ್ರಾನೇ ಬಂತು. ಮನೆ ಆರೈಕೆ ಪಾಲು ಕಮ್ಮಿ ಇತ್ತು, ಒಟ್ಟು ಮೊತ್ತದಲ್ಲಿ ಅಷ್ಟು ದೊಡ್ಡ ಉಳಿತಾಯ ಕಾಣಲಿಲ್ಲ. ಇದರಿಂದ ಅವರ ಕೆಲಸ ಚಿಕ್ಕದಾಗಲ್ಲ, ಆದ್ರೆ ಲೆಕ್ಕದ ಗಡಿ ಎಲ್ಲಿ ಹಾಕ್ತೀವಿ ಅನ್ನೋದ್ರ ಮೇಲೆ ಉತ್ತರಾನೇ ಬದಲಾಗತ್ತೆ ಅಂತ ಗೊತ್ತಾಗತ್ತೆ. ನಮ್ಮ ರೋಗಿ ಮನೇಲಿ ನಮ್ಮಿಂದ ಉಚಿತ ಆರೈಕೆ ತಗೊಂಡು ಆಮೇಲೆ ಕ್ಯಾಶುವಾಲ್ಟಿಗೆ ಓಡಿ ಸಾಲ ಮಾಡಿದ್ರೆ ಆ ಸಾಲ ನಮ್ಮ ಬ್ಯಾಲೆನ್ಸ್ ಶೀಟಲ್ಲಿ ಎಲ್ಲೂ ಇರಲ್ಲ.

ಕುವೆಂಪುನಗರ_ಮಗಳು:
ಇಷ್ಟು ಹೊತ್ತು ಓದ್ತಾ ಇದ್ದೆ, ಮನೆಯವರ ಖರ್ಚು ಯಾರೂ ಹೇಳ್ತಿಲ್ವಲ್ಲ ಅಂತ ಬರೀತಿದ್ದೀನಿ. ನಮ್ಮಮ್ಮನಿಗೆ ಪಾರ್ಕಿನ್ಸನ್ಸ್, ಈಗ ಎದ್ದು ಓಡಾಡಲ್ಲ. ನಾನು ಕೆಲಸ ಬಿಟ್ಟು ನೋಡ್ಕೋತಿದ್ದೀನಿ. ಮಧ್ಯೆ ಒಂದು ಏಜೆನ್ಸಿಯಿಂದ ಹೋಂ ನರ್ಸ್ ಅಂತ ಕರೆಸಿದ್ವಿ, ಬಂದ ಹುಡುಗಿಗೆ ಪಾಪ ಟ್ರೈನಿಂಗೇ ಇರಲಿಲ್ಲ, ಟ್ಯೂಬಲ್ಲಿ ಊಟ ಕೊಡುವಾಗ ತಲೆ ಎತ್ತರಿಸಿ ಕೂರಿಸ್ಬೇಕು ಅಂತಾನೂ ಯಾರೂ ಹೇಳಿಕೊಟ್ಟಿರಲಿಲ್ಲ, ಮಲಗಿಸಿಕೊಂಡೇ ಸಿರಿಂಜಲ್ಲಿ ಗಂಜಿ ಬಿಡೋಕೆ ಹೋದ್ಳು. ನಾನು ಅಡುಗೆಮನೆಯಿಂದ ನೋಡಿ ಓಡಿ ಬಂದೆ. ಅದು ಶ್ವಾಸಕೋಶಕ್ಕೆ ಹೋಗಿದ್ರೆ? ಅಲ್ಲಿಂದ ನಾನೇ ಎಲ್ಲಾ ಕಲಿತೆ, ಒಂದು ಸಂಸ್ಥೆಯ ಸಿಸ್ಟರ್ ವಾರಕ್ಕೊಮ್ಮೆ ಬಂದು ಹೇಳ್ಕೊಡ್ತಾರೆ, ಅವರಿಗೆ ಎಷ್ಟು ಋಣಿಯಾಗಿದ್ರೂ ಸಾಲದು.

ಆದ್ರೆ ನೀವು "ಮನೇಲೇ ಆರೈಕೆ ಆದ್ರೆ ಆಸ್ಪತ್ರೆಗಿಂತ ಅಗ್ಗ" ಅಂತ ಬರೆಯುವಾಗ ಅದು ಯಾಕೆ ಅಗ್ಗ ಅಂತಾನೂ ಬರೀರಿ. ನನ್ನ ಸಂಬಳ ನಿಂತಿದೆ, ರಾತ್ರಿ ಮೂರು ಸಲ ಏಳ್ತೀನಿ, ಡೈಪರ್ ಖರ್ಚು ನಮ್ಮದು, ಕರೆಂಟ್ ಹೋದ್ರೆ ಏರ್ ಬೆಡ್ ಗಾಳಿ ಇಳಿಯತ್ತೆ ಅಂತ ಯುಪಿಎಸ್ ಹಾಕಿಸಿದ್ದೂ ನಾವೇ. ಆಸ್ಪತ್ರೇಲಿ ಇದಕ್ಕೆಲ್ಲಾ ಬಿಲ್ ಹಾಕ್ತಾರೆ, ಮನೇಲಿ ಮಗಳು ಸೊಸೆ ಮಾಡಿದ್ರೆ ಅದಕ್ಕೆ ಬೆಲೆನೇ ಇಲ್ಲ ಅನ್ನೋ ಹಾಗೆ. ಹಳ್ಳಿ ಕಡೆ ಕೂಲಿ ಬಿಟ್ಟು ಕೂರೋ ಹೆಂಗಸಿನ ಆ ದಿನದ ಕೂಲೀನೂ ಖರ್ಚೇ.

ಗುಣಮಟ್ಟಕ್ಕೆ ನನ್ನ ಕಡೆಯಿಂದ ಒಂದೇ ಪ್ರಶ್ನೆ ಸೇರಿಸಿ: ರಾತ್ರಿ ಭಯ ಆದಾಗ ಫೋನ್ ಮಾಡಿದ್ರೆ ಯಾರಾದ್ರೂ ಎತ್ತಿದ್ರಾ? ನನಗೆ ಬಿಪಿ ಮಿಷನ್‌ಗಿಂತ ಅದು ದೊಡ್ಡದು.

ಮಳವಳ್ಳಿ_ಸಿಸ್ಟರ್:
ಅಕ್ಕ, ಎಷ್ಟು ಸರಿಯಾಗಿ ಹೇಳಿದ್ರಿ. ನಾವು ಮನೆಗೆ ಹೋದಾಗ ರೋಗೀನ ನೋಡ್ತೀವಿ, ನೋಡ್ಕೊಳೋರನ್ನ ನೋಡೋದೇ ಇಲ್ಲ. ಆ ಸೊಸೆಗೆ ಸೊಂಟ ನೋವು ಅಂತ ನಂಗೆ ಗೊತ್ತಾಗಿದ್ದು ಅವಳು ಅಜ್ಜೀನ ತಿರುಗ್ಸುವಾಗ ಮುಖ ಕಿವುಚಿದಾಗ. ರಾತ್ರಿ ಫೋನ್ ವಿಷ್ಯಕ್ಕೆ, ನಮ್ಮಲ್ಲಿ ಸರದಿ ಮೇಲೆ ಒಬ್ರ ಹತ್ರ ಮೊಬೈಲ್ ಇರ್ತದೆ, ಆದ್ರೆ ಅದಕ್ಕೆ ಸಂಬಳ ಸೇರಿಸಲ್ಲ. ಅದನ್ನೂ ಖರ್ಚಲ್ಲಿ ಬರೀಬೇಕು ಸಾರ್.

ಫಿಸಿಯೋ_ಹುಣಸೂರು:
ರೋಗಿಯ ಸ್ಥಿತಿ ಪ್ರಕಾರ ಗುಂಪು ಮಾಡೋಕೆ ಬಾರ್ಥೆಲ್ ಸೂಚ್ಯಂಕ ಬಳಸಿ. 1965ರಿಂದ ಇದೆ, ಊಟ, ಸ್ನಾನ, ಬಟ್ಟೆ, ಮಲಮೂತ್ರದ ಹಿಡಿತ, ಹಾಸಿಗೆಯಿಂದ ಕುರ್ಚಿಗೆ ಬರೋದು, ಮೆಟ್ಟಿಲು ಹತ್ತೋದು ಹೀಗೆ 10 ವಿಷಯ, 0ಯಿಂದ 100 ಅಂಕ, ಜಾಸ್ತಿ ಅಂಕ ಅಂದ್ರೆ ಜಾಸ್ತಿ ಕೆಲಸ ತಾವೇ ಮಾಡ್ಕೋತಾರೆ ಅಂತ. ಐದು ಹತ್ತು ನಿಮಿಷದ ಕೆಲಸ. ಆದ್ರೆ ನಮ್ಮ ಹಳ್ಳಿ ಮನೆಗೆ ಹೊಂದಿಸಿ ಕೇಳ್ಬೇಕು. ಕುರ್ಚಿಯಿಂದ ಏಳ್ತಾರಾ ಅಂತ ಕೇಳೋ ಕಡೆ ನಮ್ಮಜ್ಜ ಜಗಲಿ ಮೇಲಿಂದ ಏಳ್ತಾನಾ, ನೆಲದ ಮೇಲೆ ಊಟಕ್ಕೆ ಕೂತು ಎದ್ದು ಬರ್ತಾನಾ ಅನ್ನೋದು ಮುಖ್ಯ. ಕುಕ್ಕರುಗಾಲಲ್ಲಿ ಕೂರೋ ಕಕ್ಕಸು, ಅದೂ ಮನೆ ಹೊರಗೆ ಇದ್ರೆ, ಅಂಕ ಬೇರೆಯೇ ಆಗತ್ತೆ.

ಇನ್ನೊಂದು ಎಚ್ಚರಿಕೆ. ಸ್ಟ್ರೋಕ್ ಆದವರಿಗೆ ಅಂಕ ಮೇಲೆ ಹೋಗ್ಬೇಕು ಅಂತ ನಿರೀಕ್ಷೆ ಸರಿ. ಕ್ಯಾನ್ಸರ್ ಕೊನೇ ಹಂತದಲ್ಲಿರೋರಿಗೆ ಅದು ಇಳಿದೇ ಇಳಿಯತ್ತೆ, ಅಲ್ಲಿ ನೋಡಬೇಕಾಗಿರೋದು ನೋವು ಎಷ್ಟಿದೆ, ನಿದ್ದೆ ಬರ್ತಿದೆಯಾ, ಮನೆಯವರಿಗೆ ಮುಂದೇನು ಅಂತ ಗೊತ್ತಿದೆಯಾ. ಎರಡೂ ಗುಂಪಿಗೆ ಒಂದೇ ಅಳತೆ ಹಿಡಿದ್ರೆ ಸಾಯೋರ ಪಕ್ಕ ಕೂತು ಒಳ್ಳೇ ಕೆಲಸ ಮಾಡಿದ ಟೀಮು "ಫಲಿತಾಂಶ ಇಲ್ಲ" ಅನ್ನಿಸ್ಕೊಳತ್ತೆ.

ನಿವೃತ್ತ_ಬ್ಯಾಂಕು:
"ನಾವು ಇಷ್ಟು ಆಸ್ಪತ್ರೆ ದಾಖಲಾತಿ ತಪ್ಪಿಸಿದ್ವಿ" ಅಂತ ವರದಿಗಳಲ್ಲಿ ಬರೀತಾರಲ್ಲ, ಅದರ ಬಗ್ಗೆನೂ ಹುಷಾರಾಗಿರಿ. ಜನ ನಿಮ್ಮ ಹತ್ರ ಬರೋದೇ ತೀರಾ ಕಷ್ಟ ಆದಾಗ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ ವಾರ. ಆಮೇಲೆ ಮೂರು ತಿಂಗಳಲ್ಲಿ ಸ್ವಲ್ಪ ಸುಧಾರಿಸೋದು ಸಹಜ, ನೀವು ಹೋಗದೇ ಇದ್ರೂ ಕೆಲವರು ಸುಧಾರಿಸ್ತಾರೆ. ಯಾರ ಜೊತೆ ಹೋಲಿಸ್ತಿದ್ದೀರಿ ಅಂತ ಹೇಳದೆ ಆ ಅಂಕಿಗೆ ಅರ್ಥ ಇಲ್ಲ.

ಈ ವಿಷಯದಲ್ಲಿ ಮಹಾರಾಷ್ಟ್ರದ ಗಡಚಿರೋಲಿ ಕೆಲಸ ನೋಡಿ. ಅಭಯ್ ಬಂಗ್, ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ, ಅದೂ ನಮ್ಮಂಥದ್ದೇ ಟ್ರಸ್ಟು. ಊರಿನ ಹೆಣ್ಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಗೆ ಹೋಗಿ ಹಸುಗೂಸುಗಳನ್ನ ನೋಡ್ಕೊಳ್ಳೋ ಹಾಗೆ ಮಾಡಿದ್ರು. 39 ಹಳ್ಳೀಲಿ ಈ ಕೆಲಸ, ಹೋಲಿಕೆಗೆ ಇನ್ನು 47 ಹಳ್ಳಿ, ಎರಡೂ ಕಡೆ ಹುಟ್ಟು ಸಾವು ಬರೆದಿಟ್ರು. 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, ನವಜಾತ ಶಿಶುಗಳ ಸಾವು 62% ಇಳಿದಿತ್ತು, ಒಂದು ಮಗುವಿಗೆ ಆದ ಖರ್ಚು 5.3 ಡಾಲರ್. ಖರ್ಚೂ ಇದೆ, ಫಲಾನೂ ಇದೆ, ಯಾರಿಗೆ ಹೋಲಿಸಿ ಅನ್ನೋದೂ ಇದೆ. ಆಮೇಲೆ 2011ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರೀನ ದೇಶಕ್ಕೆಲ್ಲಾ ತಂತು.

ಕೆ.ಆರ್.ಪೇಟೆ_ಅಣ್ಣ:
ಹೌದು ಸಾರ್, ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. ಬಾಣಂತಿ ಮನೆಗೆ ಮೂರನೇ ದಿನ, ಏಳನೇ ದಿನ ಹಿಂಗೆ 42 ದಿನದವರೆಗೂ ಆರು ಸಲ ಹೋಯ್ತಾರೆ, ಅದಕ್ಕೆ ಒಂದು ಮಗೂಗೆ 250 ರೂಪಾಯಿ ಅಂತ ಗೊತ್ತು ಮಾಡವ್ರೆ. ನಮ್ಗೆ ಮೋಸ ಏನು ಅಂದ್ರೆ ಆ ಫಾರಂ ತುಂಬಿದ್ರೆ ದುಡ್ಡು ಬತ್ತದೆ, ಮಗು ತೂಕ ನಿಜವಾಗ್ಲೂ ನೋಡಿದ್ರಾ ಅಂತ ಕೇಳೋರು ಕಮ್ಮಿ. ಅತ್ತಿಗೆ ತೂಕ ನೋಡೇ ಬರೀತಾರೆ, ಅದಕ್ಕೇನು ಜಾಸ್ತಿ ಸಿಗಲ್ಲ.

ನನ್ನ ಪ್ರಶ್ನೆ, ಇದನ್ನೆಲ್ಲಾ ಟ್ರಸ್ಟುಗಳೇ ಯಾಕೆ ಮಾಡ್ಬೇಕು? ಕೇರಳದಲ್ಲಿ ಪಂಚಾಯ್ತೀನೇ ನರ್ಸ್ ಇಟ್ಕೊಂಡು ಮನೆಗೆ ಕಳಿಸ್ತದಲ್ಲ.

ಸರಸ್ವತಿಪುರಂ_ಲೆಕ್ಕ:
ಅಣ್ಣ, ಕೇರಳದಲ್ಲೂ ಅದು ಶುರುವಾಗಿದ್ದು ಜನರಿಂದಾನೇ. 1993ರಲ್ಲಿ ಕೋಳಿಕ್ಕೋಡ್‌ನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಸೇರಿ ನೋವು ಕಮ್ಮಿ ಮಾಡೋ ಉಪಶಮನ ಆರೈಕೆಗೆ ಒಂದು ಕ್ಲಿನಿಕ್ ಶುರು ಮಾಡಿದ್ರು, ಆಮೇಲೆ ಮಲಪ್ಪುರಂ ಕಡೆ ಊರಿನವರೇ ಸ್ವಯಂಸೇವಕರಾಗಿ ನಿಂತ್ರು, 2008ರಲ್ಲಿ ಸರ್ಕಾರ ನೀತಿ ಮಾಡ್ತು, ಪಂಚಾಯ್ತಿಗಳು ಹೊತ್ಕೊಂಡ್ವು. ನಮ್ಮಲ್ಲೂ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಅನ್ನೋ ಸರ್ಕಾರದ ಯೋಜನೆ ಶುರುವಾಗಿದೆ, ಅದು ಮುಖ್ಯವಾಗಿ ಬಿಪಿ ಶುಗರ್ ಥರದ್ದನ್ನ ಮನೆ ಬಾಗಿಲಲ್ಲಿ ಪತ್ತೆ ಹಚ್ಚೋಕೆ. ಹಾಸಿಗೆ ಹಿಡಿದವರ ದಿನನಿತ್ಯದ ಆರೈಕೆ ಇನ್ನೂ ದೊಡ್ಡ ಕೆಲಸ. ಸರ್ಕಾರ ಅದನ್ನ ತಗೊಳ್ಳೋ ದಿನ ಬಂದಾಗ "ಒಬ್ಬ ರೋಗಿಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕು" ಅಂತ ಕೇಳೇ ಕೇಳ್ತಾರೆ. ಆಗ ನಾವು ದಾನದ ಗಾಡಿ ಬಿಟ್ಟು, ಸೊಸೆಯ ದುಡಿಮೆ ಬಿಟ್ಟು ಹೇಳಿದ ಅಂಕಿ ಕೊಟ್ರೆ ಆ ಯೋಜನೆಗೆ ಅಷ್ಟೇ ದುಡ್ಡು ಇಡ್ತಾರೆ, ಅದು ಹಳ್ಳಿ ಮುಟ್ಟೋದೇ ಇಲ್ಲ. ನನಗೆ ಈ ಲೆಕ್ಕದ ಮೇಲೆ ಇಷ್ಟು ಹಠ ಇರೋದು ಅದಕ್ಕೇ.

ಹೆಬ್ಬಾಳದ ಸಾರ್, ನೀವು ಕೇಳಿದ್ದಕ್ಕೆ ಉತ್ತರ. ಇಲ್ಲಿ ಬಂದಿದ್ದನ್ನೆಲ್ಲಾ ಸೇರಿಸಿ ಒಂದು ಹಾಳೆ ಮಾಡ್ತೀನಿ. ರೋಗಿಗಳು ಮೂರು ಗುಂಪು: ಸುಧಾರಿಸ್ಬಹುದಾದವರು, ಹೀಗೇ ಇರೋರು, ಕೊನೇ ಹಂತದವರು. ಪ್ರತಿ ಗುಂಪಿಗೂ ಒಬ್ಬರಿಗೆ ಒಂದು ತಿಂಗಳ ಖರ್ಚು, ಕೈಯಿಂದ ಹೋಗಿದ್ದು ಒಂದು ಕಡೆ, ದಾನಕ್ಕೆ ಬೆಲೆ ಕಟ್ಟಿದ್ದು ಇನ್ನೊಂದು ಕಡೆ, ಮನೆಯವರ ಕಳೆದುಹೋದ ಕೂಲಿ ಮತ್ತು ಸಾಮಾನಿನ ಖರ್ಚು ಮೂರನೇ ಕಡೆ. ಊರು ಹಳ್ಳಿ ಬೇರೆ ಬೇರೆ, ಪ್ರಯಾಣದ ಗಂಟೆ ಪ್ರತ್ಯೇಕವಾಗಿ. ಗುಣಮಟ್ಟಕ್ಕೆ ನಮ್ಮ ಕೈಯಲ್ಲಿದ್ದಾಗ ಹೊಸದಾಗಿ ಆದ ಹುಣ್ಣು, ನೋವಿನ ಅಂಕ, ಮೊದಲ ಗುಂಪಿಗೆ ಮಾತ್ರ ಬಾರ್ಥೆಲ್, ಕ್ಯಾಶುವಾಲ್ಟಿಗೆ ಓಡಿದ್ದು, ರಾತ್ರಿ ಫೋನ್ ಎತ್ತಿದ್ದು. ಹೋಲಿಕೆಗೆ, ನಮ್ಮ ಹತ್ರ ಕಾಯೋರ ಪಟ್ಟಿ ಹೇಗೂ ಇದೆ, ಅವರಿಗೂ ತಿಂಗಳಿಗೊಮ್ಮೆ ಫೋನ್ ಮಾಡಿ ಇವೇ ಪ್ರಶ್ನೆ ಕೇಳ್ತೀವಿ. ಹೋಲಿಸೋಕೆ ಅಂತ ಯಾರನ್ನೂ ಬೇಕಂತ ಕಾಯಿಸಲ್ಲ, ಫೋನಲ್ಲಿ ತೀರಾ ಕಷ್ಟ ಅಂತ ಗೊತ್ತಾದ್ರೆ ಅವರನ್ನ ಮುಂದಕ್ಕೆ ತಗೋತೀವಿ, ಅದರಿಂದ ಲೆಕ್ಕ ಸ್ವಲ್ಪ ಕೆಟ್ಟರೂ ಪರವಾಗಿಲ್ಲ.

ಹೆಬ್ಬಾಳ_ಸಿಎಸ್‌ಆರ್:
ಈ ಹಾಳೆ ಬಂದ್ರೆ ನಾನು ಬೋರ್ಡ್ ಮುಂದೆ ಇಡ್ತೀನಿ. ಆದ್ರೆ ಇದನ್ನ ತುಂಬೋಕೇ ಸಿಸ್ಟರ್‌ಗೆ ದಿನಾ ಒಂದು ಗಂಟೆ ಹೋದ್ರೆ ಆ ಗಂಟೆಗೆ ನಾವೇ ದುಡ್ಡು ಕೊಡ್ಬೇಕು, ಅದನ್ನೂ ಅರ್ಜೀಲಿ ಸೇರಿಸಿ ಕೇಳಿ.

ಮಳವಳ್ಳಿ_ಸಿಸ್ಟರ್:
ದೊಡ್ಡ ಫಾರಂ ಮಾಡ್ಬೇಡಿ ಸಾರ್. ನಮ್ಮ ರೋಗಿಗಳ ಮನೇಲಿ ಒಂದು ನೋಟ್ ಬುಕ್ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಮೊಳೆಗೆ ನೇತಾಕಿರ್ತೀವಿ, ನಾನು ಬರ್ದಿದ್ದನ್ನ ಮುಂದಿನ ಸಲ ಬರೋ ಸಿಸ್ಟರ್ ನೋಡ್ತಾಳೆ. ಅದ್ರಲ್ಲೇ ಬಲಗಡೆ ಹಾಳೆ ಬಿಟ್ಬಿಡಿ, ಹುಣ್ಣಿನ ಅಳತೆ, ನೋವು 0ಯಿಂದ 10ರಲ್ಲಿ ಎಷ್ಟು, ಕಳೆದ ಸಲದಿಂದ ಆಸ್ಪತ್ರೆಗೆ ಹೋಗಿದ್ರಾ, ರಾತ್ರಿ ಫೋನ್ ಮಾಡಿದ್ರಾ, ಎತ್ತಿದ್ರಾ. ಎಡಗಡೆ ಹಾಳೆ ಮನೆಯವರಿಗೆ ಬುಡಿ, ಎಷ್ಟು ಹೊತ್ತಿಗೆ ತಿರುಗ್ಸಿದ್ರು, ಏನು ತಿಂದ್ರು, ಅವರಿಗೆ ಏನು ಕೇಳ್ಬೇಕು ಅನ್ನಿಸ್ತು ಅಂತ ಅವರೇ ಬರೀಲಿ. ಓದು ಬರ್ದೇ ಇರೋ ಮನೇಲಿ ಮಕ್ಕಳು ಬರ್ಕೊಡ್ತವೆ. ತಿಂಗಳ ಕೊನೇಲಿ ಫೋಟೋ ತೆಗ್ದು ವಾಟ್ಸಾಪ್ ಮಾಡ್ತೀನಿ, ನೀವು ಎಕ್ಸೆಲ್‌ಗೆ ಹಾಕ್ಕಳಿ. ಒಂದನೇ ತಾರೀಕಿಂದ ಶುರು ಮಾಡಾದಾದ್ರೆ ಈ ವಾರ ಹಾಳೆ ಹೆಂಗಿರ್ಬೇಕು ಅಂತ ಕಳ್ಸಿ, ನಮ್ಮ ಸಂಸ್ಥೇಲೂ ಕೇಳಿ ನೋಡ್ತೀನಿ.